ಜರ್ಕ್ ಇಲ್ಲದ ಲ್ಯಾಂಡಿಂಗ್: ಫ್ಲೈಟ್ ಸಿಮ್ಯುಲೇಟರ್‌ನ ಗ್ರಾಫಿಕ್ಸ್ ಹೊಂದಿಸುವ ಕ್ರಮ

ಫ್ಲೈಟ್ ಸಿಮ್ಯುಲೇಟರ್‌ನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಆಟದಲ್ಲಿ, ಮಂಗಳೂರಿನ 24ನೇ ರನ್‌ವೇಗೆ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ನೆಲ ಇನ್ನು 50 ಅಡಿ. ಪರದೆಯ ಮೂಲೆಯಲ್ಲಿ ಎಫ್‌ಪಿಎಸ್ 48 ಅಂತ ಇದೆ, ಲೆಕ್ಕಕ್ಕೆ ಧಾರಾಳವಾಯಿತು. ರನ್‌ವೇಯ ಆಚೆ ತುದಿಗೆ ನೋಟ ಒಯ್ದು ಯೋಕ್ (ವಿಮಾನದ ಚುಕ್ಕಾಣಿ) ಮೆಲ್ಲಗೆ ಎಳೆಯಲು ಶುರುಮಾಡಿದ ಗಳಿಗೆಯಲ್ಲೇ ಚಿತ್ರ ಒಮ್ಮೆ ನಿಂತು, ತಟ್ಟನೆ ಮುಂದಕ್ಕೆ ಜಿಗಿಯುತ್ತದೆ. ನಿಂತ ಚಿತ್ರ ನೋಡಿ ಕೈ ಇನ್ನಷ್ಟು ಎಳೆದಿರುತ್ತದೆ. ವಿಮಾನ ಮೂಗೆತ್ತಿ ತೇಲಿಕೊಂಡು ಹೋಗಿ, ಮುಟ್ಟಬೇಕಾದ ಜಾಗ ದಾಟಿ ಎಲ್ಲೋ ಕುಕ್ಕರಿಸುತ್ತದೆ. ಗುಡ್ಡದ ತಲೆ ಸವರಿ ಮಾಡಿದ 2,450 ಮೀಟರಿನ ಆ ರನ್‌ವೇಯಲ್ಲಿ ಹಾಗೆ ತೇಲುವುದು ಒಳ್ಳೆಯ ಅಭ್ಯಾಸವಲ್ಲ.

ಎಫ್‌ಪಿಎಸ್ ಅನ್ನುವುದು ಸರಾಸರಿ. ಒಂದು ಸೆಕೆಂಡಿನಲ್ಲಿ 48 ಚಿತ್ರ ಬಂದವು ಅಂತ ಅದು ಹೇಳುತ್ತದೆ, ಅವು ಸಮವಾಗಿ ಬಂದವೋ ಇಲ್ಲವೋ ಅಂತ ಹೇಳುವುದಿಲ್ಲ. 47 ಚಿತ್ರ ತಲಾ 19 ಮಿಲಿಸೆಕೆಂಡಿಗೆ ಬಂದು, ಒಂದೇ ಒಂದು ಚಿತ್ರಕ್ಕೆ 110 ಮಿಲಿಸೆಕೆಂಡ್ ಹಿಡಿದರೂ ಸರಾಸರಿ 48ರ ಹತ್ತಿರವೇ ಇರುತ್ತದೆ. ಕಣ್ಣಿಗೆ ಬಡಿಯುವುದು ಆ ಒಂದು ಚಿತ್ರ. ಹಾಗಾಗಿ ನೋಡಬೇಕಾದ್ದು ಫ್ರೇಮ್ ಟೈಮ್, ಅಂದರೆ ಒಂದೊಂದು ಚಿತ್ರ ತಯಾರಾಗಲು ಹಿಡಿಯುವ ಹೊತ್ತು. 60 ಎಫ್‌ಪಿಎಸ್ ಅಂದರೆ ಚಿತ್ರಕ್ಕೆ 16.7 ಮಿಲಿಸೆಕೆಂಡ್, 40 ಅಂದರೆ 25, 30 ಅಂದರೆ 33.3. ಅಲುಗಾಡದ 30, ಕುಣಿದಾಡುವ 50ಕ್ಕಿಂತ ಎಷ್ಟೋ ಮೇಲು. ಇದನ್ನು ನಂಬಲು ಕಷ್ಟವಾದರೆ ಎರಡನ್ನೂ ಒಂದೊಂದು ಸಲ ಹಾರಿಸಿ ನೋಡಿ, ಆಮೇಲೆ ಅನುಮಾನ ಉಳಿಯುವುದಿಲ್ಲ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020ಕ್ಕೆ. 2024ರ ಆವೃತ್ತಿಗೂ ಬಹುಪಾಲು ಹೊಂದುತ್ತದೆ, ಬೇರೆ ಇರುವ ಕಡೆ ಹೇಳುತ್ತೇನೆ. ಲೆಕ್ಕಕ್ಕೆ ಹಿಡಿದಿರುವ ಕಂಪ್ಯೂಟರ್ ಮಧ್ಯಮ ದರ್ಜೆಯದು: ರೈಜನ್ 5 5600 ಪ್ರೊಸೆಸರ್, ಆರ್‌ಟಿಎಕ್ಸ್ 3060ರ 12 ಜಿಬಿ ಕಾರ್ಡ್, 16 ಜಿಬಿ ರ‍್ಯಾಮ್, 2560×1440ರ ಮಾನಿಟರ್.

ಮೊದಲು ಯಾರು ತಡೆಯುತ್ತಿದ್ದಾರೆ ಅಂತ ಕಂಡುಹಿಡಿಯಿರಿ

ಜರ್ಕ್ ಕಂಡ ಕೂಡಲೇ ಎಲ್ಲ ಸೆಟ್ಟಿಂಗನ್ನೂ ಅಲ್ಟ್ರಾದಿಂದ ಮೀಡಿಯಂಗೆ ಇಳಿಸುವವರೇ ಹೆಚ್ಚು. ಅದರಿಂದ ಚಿತ್ರ ಕೆಡುತ್ತದೆ, ಜರ್ಕ್ ಮಾತ್ರ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಒಂದು ಚಿತ್ರ ಪರದೆಗೆ ಬರುವ ಮೊದಲು ಎರಡು ಕೈ ದಾಟುತ್ತದೆ. ಪ್ರೊಸೆಸರ್ ಮೊದಲು ಲೆಕ್ಕ ಹಾಕಬೇಕು: ವಿಮಾನ ಎಲ್ಲಿದೆ, ಗಾಳಿ ಹೇಗಿದೆ, ಯಾವ ಕಟ್ಟಡ, ಯಾವ ಮರ, ಯಾವ ಗುಡ್ಡ ಈಗ ಕಾಣಬೇಕು. ಆಮೇಲೆ ಗ್ರಾಫಿಕ್ಸ್ ಕಾರ್ಡ್ ಅದನ್ನು ಬಿಡಿಸಬೇಕು. ಇಬ್ಬರಲ್ಲಿ ನಿಧಾನ ಯಾರೋ ಅವರ ವೇಗವೇ ನಿಮಗೆ ಸಿಗುವ ವೇಗ. ಪ್ರೊಸೆಸರ್ ಹಿಂದೆ ಬಿದ್ದಿರುವಾಗ ಕಾರ್ಡಿನ ಹೊರೆ ಎಷ್ಟೇ ಇಳಿಸಿ, ಒಂದು ಚಿತ್ರವೂ ಹೆಚ್ಚಿಗೆ ಬರುವುದಿಲ್ಲ.

ಇದನ್ನು ತೋರಿಸುವ ಉಪಕರಣ ಸಿಮ್ಯುಲೇಟರ್ ಒಳಗೇ ಇದೆ. ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ, ಪರದೆಯ ಮೇಲ್ಭಾಗದಲ್ಲಿ ಬರುವ ಮೆನು ಪಟ್ಟಿಯಲ್ಲಿ ಡಿಸ್‌ಪ್ಲೇ ಎಫ್‌ಪಿಎಸ್ ಆರಿಸಿ. ಒಂದು ಚಿಕ್ಕ ಪೆಟ್ಟಿಗೆ ಬರುತ್ತದೆ. ಅದರಲ್ಲಿ ಮೇನ್ ಥ್ರೆಡ್ (ಪ್ರೊಸೆಸರ್ ಕೆಲಸದ ಮುಖ್ಯ ಸಾಲು) ಎಷ್ಟು ಮಿಲಿಸೆಕೆಂಡ್, ಜಿಪಿಯು (ಗ್ರಾಫಿಕ್ಸ್ ಕಾರ್ಡ್) ಎಷ್ಟು ಮಿಲಿಸೆಕೆಂಡ್ ಅಂತ ಬೇರೆ ಬೇರೆ ಇರುತ್ತದೆ. ಜೊತೆಗೆ ‘ಲಿಮಿಟೆಡ್ ಬೈ ಮೇನ್ ಥ್ರೆಡ್’ ಅಥವಾ ‘ಲಿಮಿಟೆಡ್ ಬೈ ಜಿಪಿಯು’ ಅಂತ ನೇರವಾಗಿಯೇ ಬರೆದಿರುತ್ತದೆ. ಮೇನ್ ಥ್ರೆಡ್ 28, ಜಿಪಿಯು 19 ಅಂತಿದ್ದರೆ ತಪ್ಪು ಪ್ರೊಸೆಸರ್ ಕಡೆ. ಉಲ್ಟಾ ಇದ್ದರೆ ಕಾರ್ಡಿನ ಕಡೆ.

ಟಾಸ್ಕ್ ಮ್ಯಾನೇಜರ್ ತೆರೆದು ‘ಪ್ರೊಸೆಸರ್ ಬರೀ ಶೇಕಡಾ 35 ದುಡಿಯುತ್ತಿದೆ, ಅದರದ್ದೇನೂ ತಪ್ಪಿಲ್ಲ’ ಅಂದುಕೊಳ್ಳಬೇಡಿ. 12 ಥ್ರೆಡ್‌ಗಳ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಬಸವಳಿದು ಉಳಿದವು ಅರೆಬರೆ ದುಡಿಯುತ್ತಿದ್ದರೂ ಒಟ್ಟು ಅಂಕಿ ಹಾಗೇ ಕಾಣುತ್ತದೆ. ಸಿಮ್ಯುಲೇಟರ್‌ನ ಬಹಳಷ್ಟು ಕೆಲಸ ಆ ಒಂದೇ ಮೇನ್ ಥ್ರೆಡ್ ಮೇಲೆ ನಿಂತಿದೆ.

ಇನ್ನೊಂದು ಸುಲಭ ಪರೀಕ್ಷೆ ಇದೆ. ವಿಮಾನ ರನ್‌ವೇ ಮೇಲೆ ನಿಂತಿರುವಾಗ ರೆಂಡರ್ ಸ್ಕೇಲಿಂಗ್ ಅನ್ನು, ಅಂದರೆ ಚಿತ್ರ ಬಿಡಿಸುವ ಗಾತ್ರದ ಶೇಕಡಾವಾರನ್ನು, 100ರಿಂದ 50ಕ್ಕೆ ಇಳಿಸಿ. ಚಿತ್ರ ಮಸುಕಾಗಿಯೂ ಎಫ್‌ಪಿಎಸ್ ಕದಲದಿದ್ದರೆ ಅದು ಪ್ರೊಸೆಸರ್‌ನ ಮಿತಿ. ಎಫ್‌ಪಿಎಸ್ ನೆಗೆದು ಮೇಲೇರಿದರೆ ಕಾರ್ಡಿನ ಮಿತಿ. ನೋಡಿದ ಮೇಲೆ 100ಕ್ಕೆ ವಾಪಸ್ ಹಾಕಿ.

ಅಳೆಯುವಾಗ ಎಲ್ಲವೂ ಒಂದೇ ಥರ ಇರಬೇಕು: ಅದೇ ವಿಮಾನ, ಅದೇ ಜಾಗ, ಅದೇ ಹೊತ್ತು, ಅದೇ ಹವಾಮಾನ. ಲೈವ್ ವೆದರ್ ಮತ್ತು ಲೈವ್ ಟ್ರಾಫಿಕ್ ಆಫ್ ಮಾಡಿ, ‘ಬ್ರೋಕನ್ ಕ್ಲೌಡ್ಸ್’ ಇಟ್ಟು, ಮಧ್ಯಾಹ್ನದ ಹೊತ್ತು ಹಾಕಿ. ಮಂಗಳೂರಿನಂಥ ಹಗುರ ಜಾಗ ಒಂದು, ನ್ಯೂಯಾರ್ಕ್‌ನ ಲಾಗಾರ್ಡಿಯಾದಂಥ ಭಾರದ ಜಾಗ ಒಂದು ಆರಿಸಿಕೊಳ್ಳಿ. ಮ್ಯಾನ್‌ಹಟನ್ ಫೋಟೋಗ್ರಾಮೆಟ್ರಿಯಲ್ಲಿ ಕಟ್ಟಿದ ನಗರ, ವಿಮಾನದಿಂದ ತೆಗೆದ ಫೋಟೋಗಳಿಂದ ಒಂದೊಂದು ಕಟ್ಟಡವನ್ನೂ ಮೂಡಿಸಿದ್ದು. ಅಲ್ಲಿ ಸಮವಾಗಿ ಓಡಿದ ಸೆಟ್ಟಿಂಗ್ ನಮ್ಮ ಊರುಗಳ ಮೇಲೆ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಒಂದು ನಿಮಿಷ ಹಾರಿ, ಅಂಕಿ ಬರೆದಿಟ್ಟುಕೊಳ್ಳಿ. ಐದು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಮೇನ್ ಥ್ರೆಡ್ ತಡೆಯುತ್ತಿದ್ದರೆ

ಎಲ್ಲಕ್ಕಿಂತ ಭಾರದ ಸೆಟ್ಟಿಂಗ್ ಟೆರೇನ್ ಲೆವೆಲ್ ಆಫ್ ಡೀಟೇಲ್. ವಿಮಾನದ ಸುತ್ತ ಎಷ್ಟು ದೂರದವರೆಗೆ ನೆಲ, ಮರ, ಕಟ್ಟಡಗಳನ್ನು ವಿವರವಾಗಿ ತೋರಿಸಬೇಕು ಅನ್ನುವುದನ್ನು ಅದು ನಿರ್ಧರಿಸುತ್ತದೆ. 2020ರ ಆವೃತ್ತಿಯಲ್ಲಿ ಅಲ್ಟ್ರಾ ಅಂದರೆ 200, ಗರಿಷ್ಠ 400. ಇದು ವೃತ್ತದ ಲೆಕ್ಕ ಅನ್ನುವುದನ್ನು ಮರೆಯಬಾರದು. ತ್ರಿಜ್ಯ ಎರಡು ಪಟ್ಟಾದರೆ ಒಳಗೆ ಬರುವ ನೆಲ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ 100ರಿಂದ 200ಕ್ಕೆ ಏರಿಸುವುದು ಸ್ಲೈಡರ್ ಮೇಲೆ ಒಂದಂಗುಲವಾದರೂ ಪ್ರೊಸೆಸರ್‌ಗೆ ಬೀಳುವ ಹೊರೆ ಬಹಳ. 5600ರಂಥ ಪ್ರೊಸೆಸರ್‌ಗೆ 100ರಿಂದ ಶುರುಮಾಡಿ. ಜಾಗವಿದ್ದರೆ 25ರಂತೆ ಏರಿಸಿ, ಮೇನ್ ಥ್ರೆಡ್ ನಿಮ್ಮ ಗುರಿ ದಾಟಿದ ಕಡೆ ಒಂದು ಹೆಜ್ಜೆ ಹಿಂದೆ ಬನ್ನಿ. 60ಕ್ಕಿಂತ ಕೆಳಗಿಳಿಸಬೇಡಿ, ಗುಡ್ಡಗಳು ಕಣ್ಣೆದುರೇ ಆಕಾರ ಬದಲಿಸತೊಡಗುತ್ತವೆ. ಘಟ್ಟದ ಮೇಲೆ ಹಾರುವವರಿಗೆ ಅದು ತುಂಬಾ ಎದ್ದು ಕಾಣುತ್ತದೆ. ಸೆಸ್ನಾದಲ್ಲಿ ತಗ್ಗಿನಲ್ಲಿ ಹಾರುವವರಿಗೂ ಏರ್‌ಬಸ್‌ನಲ್ಲಿ 35,000 ಅಡಿಯಲ್ಲಿ ಹೋಗುವವರಿಗೂ ಒಂದೇ ಅಂಕಿ ಹೊಂದುವುದಿಲ್ಲ. ಮೇಲೆ ಹೋದಂತೆ ಏರಿಸಿಕೊಳ್ಳಬಹುದು, ಇಳಿಯುವ ಮೊದಲು ತಗ್ಗಿಸಬೇಕು. 2024ರ ಆವೃತ್ತಿಯಲ್ಲಿ ಡೈನಾಮಿಕ್ ಸೆಟ್ಟಿಂಗ್ಸ್ ಅಂತ ಇದೆ. ಬೇಕಾದ ಎಫ್‌ಪಿಎಸ್ ಹೇಳಿದರೆ ಇಂಥ ಹೊಂದಾಣಿಕೆಯನ್ನು ಅದೇ ಮಾಡುತ್ತದೆ.

ಆಬ್ಜೆಕ್ಟ್ ಲೆವೆಲ್ ಆಫ್ ಡೀಟೇಲ್ ಇಷ್ಟು ಭಾರವಲ್ಲ, 100 ಸಾಕು.

ಎರಡನೆಯದು ಟ್ರಾಫಿಕ್. ವಿಮಾನ ನಿಲ್ದಾಣದ ಟ್ರಕ್ಕು, ಕೆಲಸಗಾರರು, ನಿಂತಿರುವ ವಿಮಾನಗಳು, ರಸ್ತೆಯ ಕಾರು, ಸಮುದ್ರದ ದೋಣಿ, ಪ್ರತಿಯೊಂದಕ್ಕೂ ಮೇನ್ ಥ್ರೆಡ್ ಲೆಕ್ಕ ಇಡಬೇಕು. ಏರ್‌ಪೋರ್ಟ್ ವೆಹಿಕಲ್ ಡೆನ್ಸಿಟಿ 20, ವರ್ಕರ್ ಡೆನ್ಸಿಟಿ 10, ಗ್ರೌಂಡ್ ಏರ್‌ಕ್ರಾಫ್ಟ್ ಡೆನ್ಸಿಟಿ 20, ರೋಡ್ ವೆಹಿಕಲ್ಸ್ 20 ಇಟ್ಟು ನೋಡಿ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಗೇಟಿನಲ್ಲಿ ನಿಂತಾಗ ಮಾತ್ರ ಎಫ್‌ಪಿಎಸ್ ಕುಸಿದು, ರನ್‌ವೇ ಬಿಟ್ಟು ಎದ್ದ ಮೇಲೆ ಸರಿಹೋಗುತ್ತಿದ್ದರೆ ಮೊದಲು ಕೈ ಹಾಕಬೇಕಾದ್ದು ಇಲ್ಲಿ. ಲೈವ್ ಟ್ರಾಫಿಕ್ ಬೇರೆ ಥರದ ತೊಂದರೆ ಕೊಡುತ್ತದೆ. ಹೊಸ ವಿಮಾನವೊಂದು ನಿಮ್ಮ ಆಸುಪಾಸಿಗೆ ಬಂದಾಗಲೆಲ್ಲ ಅದರ ಮಾದರಿ ಮತ್ತು ಬಣ್ಣದ ಫೈಲ್‌ಗಳನ್ನು ಡಿಸ್ಕಿನಿಂದ ತರಬೇಕು, ಆಗ ಒಂದು ಸಣ್ಣ ಜರ್ಕ್.

ಮೂರನೆಯದು ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್. ಜಿ1000ದಂಥ, ಸೂಜಿಯ ಮೀಟರುಗಳ ಬದಲು ಇರುವ ಕಾಕ್‌ಪಿಟ್ ಪರದೆಗಳನ್ನು ಸಿಮ್ಯುಲೇಟರ್ ಒಂದು ಚಿಕ್ಕ ಬ್ರೌಸರ್‌ನಂತೆ ನಡೆಸುತ್ತದೆ. ಹೈ ಇಂದ ಮೀಡಿಯಂಗೆ ಇಳಿಸಿದರೆ ಒಳ್ಳೆಯ ಉಳಿತಾಯ, ಓದಲು ಏನೂ ಕಷ್ಟವಾಗುವುದಿಲ್ಲ. ಲೋಗೆ ಇಳಿಸಿದರೆ ಮಾತ್ರ ಕೃತಕ ದಿಗಂತ ಮೆಟ್ಟಿಲು ಮೆಟ್ಟಿಲಾಗಿ ವಾಲುತ್ತದೆ. ಮೋಡದೊಳಗೆ ಉಪಕರಣ ನೋಡಿಕೊಂಡೇ ಹಾರುವವರಿಗೆ ಅದು ಆಗದು.

ನಾಲ್ಕನೆಯದು ಆಫ್ ಸ್ಕ್ರೀನ್ ಟೆರೇನ್ ಪ್ರೀ-ಕ್ಯಾಶಿಂಗ್. ಇದನ್ನು ಇಳಿಸಬೇಡಿ, ಅಲ್ಟ್ರಾದಲ್ಲೇ ಇಡಿ. ನೀವು ನೋಡದೇ ಇರುವ ದಿಕ್ಕಿನ ನೆಲವನ್ನೂ ಮೊದಲೇ ಮೆಮೊರಿಗೆ ತಂದಿಟ್ಟುಕೊಳ್ಳುವ ಕೆಲಸ ಇದರದು. ಲೋ ಇಟ್ಟರೆ, ಎಡಗಡೆಗೆ ತಿರುಗಿ ರನ್‌ವೇ ಹುಡುಕಿದ ಕ್ಷಣದಲ್ಲಿ ನೆಲ ಮಸುಕಾಗಿದ್ದು ಆಮೇಲೆ ತುಂಬಿಕೊಳ್ಳುತ್ತದೆ, ಜೊತೆಗೆ ಜರ್ಕ್. ಉಳಿತಾಯ ಅಂತ ಇಳಿಸಿ ಜರ್ಕನ್ನು ತಾವೇ ತಂದುಕೊಂಡವರು ಬಹಳ.

ಕಾರ್ಡ್ ತಡೆಯುತ್ತಿದ್ದರೆ

ಕಾರ್ಡಿನ ಕಡೆಯ ದೊಡ್ಡ ಹೊರೆ ಎರಡು: ರೆಸಲ್ಯೂಶನ್ ಮತ್ತು ಮೋಡ. ವಾಲ್ಯುಮೆಟ್ರಿಕ್ ಕ್ಲೌಡ್ಸ್ ಅಲ್ಟ್ರಾದಿಂದ ಹೈಗೆ ಇಳಿಸಿ. ಮುಂಗಾರಿನ ಮೋಡದಲ್ಲಿ ಹಾರುವಾಗ ಇದರ ಬೆಲೆ ಗೊತ್ತಾಗುತ್ತದೆ. ಹೈ ಮತ್ತು ಅಲ್ಟ್ರಾಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಸ್ವಲ್ಪ, ಮಿಲಿಸೆಕೆಂಡಿನ ವ್ಯತ್ಯಾಸ ಹೆಚ್ಚು. ಮೀಡಿಯಂಗೆ ಇಳಿದರೆ ಮೋಡದ ಅಂಚಿನಲ್ಲಿ ಕಾಳುಕಾಳು ಕಾಣುತ್ತದೆ.

ರೆಸಲ್ಯೂಶನ್ ವಿಷಯದಲ್ಲಿ ಈಗ ಎಲ್ಲರೂ ಹಿಡಿಯುವ ದಾರಿ ಡಿಎಲ್‌ಎಸ್‌ಎಸ್. ಆರ್‌ಟಿಎಕ್ಸ್ ಕಾರ್ಡುಗಳಲ್ಲಿ ಮಾತ್ರ ಸಿಗುತ್ತದೆ, ಬೇರೆಯವರಿಗೆ ಎಎಂಡಿಯ ಎಫ್‌ಎಸ್‌ಆರ್ ಇದೆ. ಚಿತ್ರವನ್ನು ಚಿಕ್ಕದಾಗಿ ಬಿಡಿಸಿ, ಹಿಂದಿನ ಚಿತ್ರಗಳ ನೆರವಿನಿಂದ ದೊಡ್ಡದು ಮಾಡುವುದು ಅದರ ಕ್ರಮ. ಕ್ವಾಲಿಟಿಯಲ್ಲಿ ಉದ್ದ ಅಗಲ ಎರಡೂ ಮೂರನೇ ಎರಡರಷ್ಟು. ಅಂದರೆ 1440ರ ಮಾನಿಟರ್‌ಗೆ ಒಳಗೆ ಬಿಡಿಸುವುದು 1707×960. ಪರ್ಫಾರ್ಮೆನ್ಸ್‌ನಲ್ಲಿ ಅರ್ಧ, 1280×720. 1440ರಲ್ಲಿ ಕ್ವಾಲಿಟಿ ಚೆನ್ನಾಗಿರುತ್ತದೆ. 1080ರ ಮಾನಿಟರ್‌ನಲ್ಲಿ ಕ್ವಾಲಿಟಿ ಹಾಕಿದರೂ ಒಳಗೆ 1280×720 ಮಾತ್ರ ಆಗುವುದರಿಂದ ದೂರದ ರನ್‌ವೇ ದೀಪಗಳು ಕಲಸಿಹೋಗುತ್ತವೆ. ಅಲ್ಲಿ ಟಿಎಎ (ಅಂಚುಗಳ ಮೊನಚು ನಯಮಾಡುವ ಮಾಮೂಲಿ ವಿಧಾನ) ಇಟ್ಟು ರೆಂಡರ್ ಸ್ಕೇಲಿಂಗ್ 90 ಅಥವಾ 100 ಇಡುವುದು ಮೇಲು.

ಡಿಎಲ್‌ಎಸ್‌ಎಸ್‌ನ ಒಂದು ದೋಷವನ್ನು ಹತ್ತಿರದಿಂದ ನೋಡಿ. ಜಿ1000 ಇರುವ ಸೆಸ್ನಾ 172ರಲ್ಲಿ ನಿಮಿಷಕ್ಕೆ 700 ಅಡಿಯಂತೆ ಏರುತ್ತಾ ಬಲಗಡೆಯ ಎತ್ತರದ ಪಟ್ಟಿಯ ಮೇಲೆ ಕಣ್ಣಿಡಿ. ಉರುಳುವ ಅಂಕಿಗಳ ಹಿಂದೆ ಬೂದು ಕಲೆ ಎಳೆದುಕೊಂಡು ಬರುತ್ತದೆ, ಸ್ಲೇಟಿನ ಮೇಲೆ ಬರೆದದ್ದನ್ನು ಒದ್ದೆ ಬೆರಳಲ್ಲಿ ಒರೆಸಿದ ಹಾಗೆ. ಹಿಂದಿನ ಚಿತ್ರಗಳ ನೆರವು ಪಡೆಯುವ ವಿಧಾನಕ್ಕೆ ಕಾಕ್‌ಪಿಟ್ ಪರದೆಯೊಳಗಿನ ಅಂಕಿ ಯಾವ ಕಡೆ ಸರಿಯಿತು ಅನ್ನುವ ಮಾಹಿತಿ ಸಿಗುವುದಿಲ್ಲ. ಅದಕ್ಕೆ ಹಳೆಯ ಅಂಕಿಯ ನೆರಳು ಉಳಿದುಬಿಡುತ್ತದೆ. 2025ರ ಆರಂಭದಲ್ಲಿ ಎನ್‌ವಿಡಿಯಾ ತಂದ ಟ್ರಾನ್ಸ್‌ಫಾರ್ಮರ್ ಮಾದರಿಯಲ್ಲಿ ಇದು ಸಾಕಷ್ಟು ಕಡಿಮೆಯಾಗಿದೆ. ಎನ್‌ವಿಡಿಯಾ ಆ್ಯಪ್‌ನಲ್ಲಿ ಆ ಮಾದರಿಯನ್ನು ಆರಿಸಿಕೊಳ್ಳಬಹುದು, 20 ಮತ್ತು 30ರ ಸರಣಿಯ ಕಾರ್ಡುಗಳಿಗೆ ಅದು ತುಸು ಭಾರ. ಗ್ಲಾಸ್ ಕಾಕ್‌ಪಿಟ್‌ಗಳಲ್ಲಿ ದಿನವೂ ಹಾರುವವರಿಗೆ ನನ್ನ ಸಲಹೆ: ಟಿಎಎಯಲ್ಲೇ ನಿಮ್ಮ ಗುರಿ ಮುಟ್ಟುತ್ತದೆಯೇ ಅಂತ ಮೊದಲು ನೋಡಿ, ಮುಟ್ಟದಿದ್ದರೆ ಮಾತ್ರ ಡಿಎಲ್‌ಎಸ್‌ಎಸ್‌ಗೆ ಹೋಗಿ. ಅಂಕಿ ಓದಲಾಗದ ಕಾಕ್‌ಪಿಟ್ ಎಷ್ಟು ನಯವಾಗಿ ಓಡಿದರೂ ಕೆಲಸಕ್ಕೆ ಬಾರದು.

ಉಳಿದವನ್ನು ಬೇಗ ಹೇಳುತ್ತೇನೆ. ಟೆಕ್ಸ್ಚರ್ ಸೂಪರ್ ಸ್ಯಾಂಪ್ಲಿಂಗ್ 4×4 ಸಾಕು. ಅನೈಸೊಟ್ರೋಪಿಕ್ ಫಿಲ್ಟರಿಂಗ್ 16 ಇಡಿ, ಅದಕ್ಕೆ ಹೆಚ್ಚೇನೂ ಖರ್ಚಿಲ್ಲ, ಓರೆಯಾಗಿ ಕಾಣುವ ರನ್‌ವೇ ಗುರುತು ಅದರಿಂದಲೇ ಸ್ಪಷ್ಟವಾಗುವುದು. ಶ್ಯಾಡೋ ಮ್ಯಾಪ್ಸ್ 1024, ಟೆರೇನ್ ಶ್ಯಾಡೋಸ್ 512. ಆ್ಯಂಬಿಯೆಂಟ್ ಅಕ್ಲೂಷನ್ ಮೀಡಿಯಂ, ಅದನ್ನು ಪೂರ್ತಿ ತೆಗೆದರೆ ಕಾಕ್‌ಪಿಟ್ ಒಳಗೆ ಎಲ್ಲವೂ ಚಪ್ಪಟೆಯಾಗಿ ಕಾಣುತ್ತದೆ. ರಿಫ್ಲೆಕ್ಷನ್ಸ್ ಮೀಡಿಯಂ, ಗ್ರಾಸ್ ಅಂಡ್ ಬುಷಸ್ ಮೀಡಿಯಂ. ಮೋಷನ್ ಬ್ಲರ್, ಲೆನ್ಸ್ ಕರೆಕ್ಷನ್, ಡೆಪ್ತ್ ಆಫ್ ಫೀಲ್ಡ್ ಮೂರೂ ಆಫ್. 2024ರಲ್ಲಿ ರೇ ಟ್ರೇಸ್ಡ್ ಶ್ಯಾಡೋಸ್ ಅಂತ ಬೇರೆ ಇದೆ, ಮಧ್ಯಮ ಕಾರ್ಡಿನಲ್ಲಿ ಅದನ್ನು ಮುಟ್ಟದಿರುವುದು ಒಳ್ಳೆಯದು.

ವಿಡಿಯೊ ಮೆಮೊರಿ ತುಂಬಿದರೆ

ಇದು ಮೂರನೆಯ ತಡೆ, ಎಲ್ಲಕ್ಕಿಂತ ಕೆಟ್ಟದ್ದು. ಕಾರ್ಡಿನ ಮೆಮೊರಿ ತುಂಬಿ ಹೊರಚೆಲ್ಲಿದರೆ ಉಳಿದದ್ದು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ. ಅಲ್ಲಿಂದ ಪ್ರತಿ ಸಲ ಮದರ್‌ಬೋರ್ಡ್ ದಾಟಿ ತರಬೇಕು. 45 ಇದ್ದ ಎಫ್‌ಪಿಎಸ್ ಇದ್ದಕ್ಕಿದ್ದಂತೆ 9ಕ್ಕೆ ಬಿದ್ದು, ಸೆಟ್ಟಿಂಗ್ ಎಷ್ಟು ಇಳಿಸಿದರೂ ಸಿಮ್ಯುಲೇಟರ್ ಮುಚ್ಚಿ ತೆರೆಯುವವರೆಗೆ ಮೇಲೇಳದಿದ್ದರೆ ಕಾರಣ ಬಹುಮಟ್ಟಿಗೆ ಇದೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ಜಿಪಿಯು ಪುಟ ತೆರೆದು ಡೆಡಿಕೇಟೆಡ್ ಮೆಮೊರಿ ಅಂಚಿಗೆ ಬಂದಿದೆಯೇ, ಶೇರ್ಡ್ ಮೆಮೊರಿ ಏರುತ್ತಿದೆಯೇ ನೋಡಿ.

12 ಜಿಬಿ ಕಾರ್ಡಿಗೆ 1440ರಲ್ಲಿ ಟೆಕ್ಸ್ಚರ್ ರೆಸಲ್ಯೂಶನ್ ಹೈ ನಿರಾತಂಕ. 8 ಜಿಬಿಯವರು ಫೋಟೋಗ್ರಾಮೆಟ್ರಿ ನಗರಗಳ ಮೇಲೆ ಹಾರುವಾಗ ಮೀಡಿಯಂಗೆ ಇಳಿಯಬೇಕಾಗಬಹುದು, 6 ಜಿಬಿಯವರು ಮೀಡಿಯಂನಲ್ಲೇ ಇರಬೇಕು. ಹಿನ್ನೆಲೆಯಲ್ಲಿ ಹತ್ತಾರು ಟ್ಯಾಬ್ ತೆರೆದಿರುವ ಬ್ರೌಸರ್ ಕೂಡ ಕಾರ್ಡಿನ ಮೆಮೊರಿ ತಿನ್ನುತ್ತದೆ. ಹಾರುವ ಮೊದಲು ಮುಚ್ಚಿ.

ಗುರಿ ಇಟ್ಟು ಕಟ್ಟಿಹಾಕುವುದು

ಇಷ್ಟಾದ ಮೇಲೆ ಎಫ್‌ಪಿಎಸ್ ಅನ್ನು ಒಂದು ಅಂಕಿಗೆ ಕಟ್ಟಿಹಾಕಬೇಕು. ಬಹಳ ಮಂದಿ ಬಿಡುವ ಹೆಜ್ಜೆ ಇದು, ಜರ್ಕ್ ಹೋಗುವುದು ಬಹುಪಾಲು ಇದರಿಂದಲೇ.

60 ಹರ್ಟ್ಜ್‌ನ ಮಾನಿಟರ್ ಪ್ರತಿ 16.7 ಮಿಲಿಸೆಕೆಂಡಿಗೆ ಒಮ್ಮೆ ಪರದೆ ಬದಲಿಸುತ್ತದೆ. ಚಿತ್ರಗಳನ್ನು ಈ ಸರದಿಗೆ ಹೊಂದಿಸುವ ವಿ-ಸಿಂಕ್ ಹಾಕಿ 45 ಎಫ್‌ಪಿಎಸ್‌ನಲ್ಲಿ ಓಡಿಸಿದರೆ ಕೆಲವು ಚಿತ್ರ ಒಂದು ಸರದಿ ನಿಲ್ಲುತ್ತವೆ, ಕೆಲವು ಎರಡು ಸರದಿ. ಒಂದು 16.7, ಮುಂದಿನದು 33.3, ಮತ್ತೆ 16.7. ರಸ್ತೆಯ ಉಬ್ಬುಗಳ ಮೇಲೆ ಬಸ್ಸು ಹೋದ ಹಾಗೆ. 30ಕ್ಕೆ ಕಟ್ಟಿದರೆ ಪ್ರತಿ ಚಿತ್ರವೂ ಸರಿಯಾಗಿ ಎರಡು ಸರದಿ ನಿಲ್ಲುತ್ತದೆ. ಸಿಮ್ಯುಲೇಟರ್‌ನ ವಿ-ಸಿಂಕ್ ಆನ್ ಮಾಡಿ ಫ್ರೇಮ್ ರೇಟ್ ಲಿಮಿಟ್‌ನಲ್ಲಿ ಶೇಕಡಾ 50 ಆರಿಸಿ. 120 ಹರ್ಟ್ಜ್‌ನವರು ಮೂರನೇ ಒಂದು ಹಾಕಿದರೆ 40 ಬರುತ್ತದೆ. 144ರವರಿಗೆ 48. ಮಧ್ಯಮ ಕಂಪ್ಯೂಟರ್‌ಗೆ 40 ಬಹಳ ಒಳ್ಳೆಯ ಗುರಿ. 30ಕ್ಕಿಂತ ಚಿತ್ರಕ್ಕೆ 8 ಮಿಲಿಸೆಕೆಂಡ್ ಕಡಿಮೆ, ಕೈಗೆ ತಕ್ಷಣ ಗೊತ್ತಾಗುತ್ತದೆ.

ಫ್ರೀಸಿಂಕ್ ಅಥವಾ ಜಿ-ಸಿಂಕ್ ಇರುವ ಮಾನಿಟರ್ ಚಿತ್ರ ಬಂದಾಗಲೇ ಪರದೆ ಬದಲಿಸುವುದರಿಂದ ಸರದಿಯ ತೊಂದರೆ ಇಲ್ಲ. ಆದರೆ ಅದಕ್ಕೊಂದು ಕೆಳಮಿತಿ ಇರುತ್ತದೆ, ಅನೇಕ ಮಾನಿಟರ್‌ಗಳಲ್ಲಿ 48 ಹರ್ಟ್ಜ್. ಮೇಲಿನ ಮಿತಿ 144 ಇದ್ದರೆ 48ಕ್ಕಿಂತ ಕೆಳಗೆ ಬಂದಾಗ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ ನಿಭಾಯಿಸುತ್ತದೆ. 48ರಿಂದ 75ರವರೆಗೆ ಮಾತ್ರ ಇರುವ ಅಗ್ಗದ ಮಾನಿಟರ್‌ಗೆ ಆ ಉಪಾಯವೂ ಸಾಧ್ಯವಿಲ್ಲ, 40ರ ಎರಡು ಪಟ್ಟು 80 ಆಗುತ್ತದಲ್ಲ. ಮಾನಿಟರ್ ಕೊಳ್ಳುವಾಗ ಪೆಟ್ಟಿಗೆ ಮೇಲಿನ ದೊಡ್ಡ ಅಂಕಿಯಷ್ಟೇ ನೋಡದೆ ಈ ವ್ಯಾಪ್ತಿಯನ್ನು ಕೇಳಿ ತಿಳಿದುಕೊಳ್ಳಿ.

ಕಟ್ಟುವ ಅಂಕಿಯನ್ನು ನಿಮ್ಮ ಕಂಪ್ಯೂಟರ್ ಮುಟ್ಟುವ ಗರಿಷ್ಠದಲ್ಲಿ ಇಡಬೇಡಿ, ಭಾರದ ಜಾಗದಲ್ಲೂ ತಲುಪುವ ಅಂಕಿಯಲ್ಲಿ ಇಡಿ. ಲಾಗಾರ್ಡಿಯಾದಲ್ಲಿ ಮೇನ್ ಥ್ರೆಡ್ 22 ಮಿಲಿಸೆಕೆಂಡ್ ಇದ್ದರೆ 25ರ ಗುರಿಗೆ, ಅಂದರೆ 40ಕ್ಕೆ ಕಟ್ಟಬಹುದು. 27 ಇದ್ದರೆ 30ಕ್ಕೆ ಕಟ್ಟಿ, ಇಲ್ಲವೇ ಟೆರೇನ್ ಅಂಕಿ ತಗ್ಗಿಸಿ.

ಫ್ರೇಮ್ ಜನರೇಷನ್ ಬಗ್ಗೆ ಒಂದು ಮಾತು. ಆರ್‌ಟಿಎಕ್ಸ್ 40ರ ಸರಣಿ ಮತ್ತು ಆಮೇಲಿನ ಕಾರ್ಡುಗಳಲ್ಲಿ ಎರಡು ನಿಜ ಚಿತ್ರಗಳ ನಡುವೆ ಕಾರ್ಡೇ ಒಂದು ಚಿತ್ರ ತುಂಬುತ್ತದೆ. ಅದಕ್ಕೆ ಡೈರೆಕ್ಟ್‌ಎಕ್ಸ್ 12 ಬೇಕು, ವಿಂಡೋಸ್‌ನಲ್ಲಿ ಹಾರ್ಡ್‌ವೇರ್ ಆ್ಯಕ್ಸಲರೇಟೆಡ್ ಜಿಪಿಯು ಶೆಡ್ಯೂಲಿಂಗ್ ಆನ್ ಇರಬೇಕು. ಪ್ರೊಸೆಸರ್ ತಡೆಯುವಾಗಲೂ ಕೆಲಸ ಮಾಡುವ ಉಪಾಯ ಇದು, ಅದಕ್ಕೇ ಸಿಮ್ಯುಲೇಟರ್‌ಗೆ ಇಷ್ಟು ಹೊಂದುತ್ತದೆ. ಹಳೆಯ ಕಾರ್ಡಿನವರು ಸ್ಟೀಮ್‌ನಲ್ಲಿ ಸಿಗುವ ಲಾಸ್‌ಲೆಸ್ ಸ್ಕೇಲಿಂಗ್ ಎಂಬ ಸಣ್ಣ ತಂತ್ರಾಂಶದಿಂದ ಇದೇ ಕೆಲಸ ಮಾಡಿಸಿಕೊಳ್ಳುತ್ತಾರೆ. ಎರಡರಲ್ಲೂ ನೋಟ ನಯವಾಗುತ್ತದೆ, ಯೋಕ್ ಎಳೆದದ್ದಕ್ಕೆ ವಿಮಾನ ಉತ್ತರಿಸುವ ವೇಗ ಹೆಚ್ಚುವುದಿಲ್ಲ. ಮೂಲ ಎಫ್‌ಪಿಎಸ್ 30ಕ್ಕಿಂತ ಕೆಳಗಿದ್ದರೆ ಚಿತ್ರ 60ರಂತೆ ಕಂಡರೂ ಕೈ ತೊಡರುತ್ತದೆ. 40 ಮುಟ್ಟಿದ ಮೇಲೆ ಬಳಸಿ.

ಇನ್ನೂ ಜರ್ಕ್ ಇದ್ದರೆ

ಮೂರೂ ಅಂಕಿ ಸರಿಯಿದ್ದು ನಡುನಡುವೆ ಮಾತ್ರ ಚಿತ್ರ ನಿಲ್ಲುತ್ತಿದ್ದರೆ ಕಾರಣ ಸಿಮ್ಯುಲೇಟರ್‌ನ ಸುತ್ತಮುತ್ತ ಇರುತ್ತದೆ.

ಬಯೋಸ್‌ನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಆಯ್ಕೆ, ಆನ್ ಇದೆಯೇ? 3200ರ ರ‍್ಯಾಮ್ ಕೊಂಡು ಹಾಕಿದರೂ ಇದನ್ನು ಆನ್ ಮಾಡದಿದ್ದರೆ 2133 ಅಥವಾ 2400ರಲ್ಲೇ ಓಡುತ್ತದೆ. ಮೇನ್ ಥ್ರೆಡ್ ಪದೇಪದೇ ಮೆಮೊರಿಯ ಬಾಗಿಲು ತಟ್ಟುವ ಕೆಲಸವಾದ್ದರಿಂದ ಈ ವ್ಯತ್ಯಾಸ ನೇರವಾಗಿ ಎಫ್‌ಪಿಎಸ್‌ನಲ್ಲಿ ಕಾಣುತ್ತದೆ. 16 ಜಿಬಿಯ ಒಂದೇ ಕಡ್ಡಿ ಹಾಕಿದ್ದರೆ ಅದೂ ನಷ್ಟ, ಎರಡು ಕಡ್ಡಿ ಬೇಕು. ಕಾಸು ಖರ್ಚು ಮಾಡುವುದಾದರೆ ಮೊದಲು 16 ಜಿಬಿಯ ಎರಡು ಕಡ್ಡಿ ಹಾಕಿ 32 ಮಾಡಿ. 2024ರ ಆವೃತ್ತಿಗೆ ಮೈಕ್ರೋಸಾಫ್ಟ್ ಶಿಫಾರಸು ಮಾಡುವುದೂ 32 ಜಿಬಿಯನ್ನೇ.

ಇಂಟರ್ನೆಟ್ಟಿನಿಂದ ಬಂದ ನೆಲದ ಚಿತ್ರಗಳನ್ನು ಕೂಡಿಟ್ಟುಕೊಳ್ಳುವ ರೋಲಿಂಗ್ ಕ್ಯಾಶ್ ಫೈಲ್ ಎಸ್‌ಎಸ್‌ಡಿ ಮೇಲಿದೆಯೇ ನೋಡಿ. ತಿರುಗುವ ಹಾರ್ಡ್ ಡಿಸ್ಕ್ ಮೇಲಿದ್ದರೆ ಆ ಫೈಲೇ ಜರ್ಕ್‌ಗೆ ಕಾರಣ. ಫೈಲ್ ಕೆಟ್ಟಿದ್ದರೂ ಒಂದೇ ಜಾಗದ ಮೇಲೆ ಹಾರಿದಾಗಲೆಲ್ಲ ನಿಲ್ಲುತ್ತದೆ. ಡೇಟಾ ಪುಟದಲ್ಲಿ ಅಳಿಸಿ ಹೊಸದಾಗಿ ಮಾಡಿ, 2020ರಲ್ಲಿ ತಾನಾಗಿ ಬರುವ 8 ಜಿಬಿ ಬದಲು 16 ಕೊಡಿ. ಪೇಜ್ ಫೈಲ್ (ಮೆಮೊರಿ ಸಾಲದಾದಾಗ ವಿಂಡೋಸ್ ಡಿಸ್ಕಿನಲ್ಲಿ ಬಳಸುವ ಜಾಗ) ಆಫ್ ಮಾಡುವ ಸಲಹೆ ಎಲ್ಲಾದರೂ ಓದಿದ್ದರೆ ಪಾಲಿಸಬೇಡಿ. 16 ಜಿಬಿಯವರು ಅದನ್ನು ಆಫ್ ಮಾಡಿದರೆ ಸಿಮ್ಯುಲೇಟರ್ ಅರ್ಧ ದಾರಿಯಲ್ಲಿ ಹೇಳದೆ ಕೇಳದೆ ಮುಚ್ಚಿಹೋಗುತ್ತದೆ.

ಹೊರಗಿನಿಂದ ತಂದು ಸೇರಿಸಿದ ಆ್ಯಡ್‌ಆನ್‌ಗಳು ಇರುವ ಕಮ್ಯುನಿಟಿ ಫೋಲ್ಡರ್ ಇನ್ನೊಂದು ಅನುಮಾನದ ಜಾಗ. ಹೆಸರು ಬದಲಿಸಿ, ಖಾಲಿ ಫೋಲ್ಡರ್‌ನೊಂದಿಗೆ ಹಾರಿ ನೋಡಿ. ಜರ್ಕ್ ಹೋದರೆ ಒಳಗಿನದನ್ನು ಅರ್ಧ ಅರ್ಧವಾಗಿ ವಾಪಸ್ ಹಾಕುತ್ತಾ ಹೋಗಿ. 40 ಆ್ಯಡ್‌ಆನ್ ಇದ್ದರೂ ಐದಾರು ಸಲದಲ್ಲಿ ಕಳ್ಳ ಸಿಗುತ್ತಾನೆ.

ಜಾಯ್‌ಸ್ಟಿಕ್, ಪೆಡಲ್‌ಗಳನ್ನು ವಿಂಡೋಸ್ ವಿದ್ಯುತ್ ಉಳಿಸಲು ಮಲಗಿಸಿ ಎಬ್ಬಿಸುವಾಗಲೂ ಚಿತ್ರ ನಿಲ್ಲುವುದುಂಟು. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಡಿಸೇಬಲ್ ಮಾಡಿ. ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿದ ಮೊದಲ ಒಂದೆರಡು ಹಾರಾಟದಲ್ಲಿ ಬರುವ ಜರ್ಕ್‌ಗೆ ಮಾತ್ರ ಹೆದರಬೇಕಿಲ್ಲ. ಶೇಡರ್‌ಗಳು (ಚಿತ್ರ ಬಿಡಿಸುವುದು ಹೇಗೆ ಅಂತ ಕಾರ್ಡಿಗೆ ಹೇಳುವ ಸಣ್ಣ ಪ್ರೋಗ್ರಾಮುಗಳು) ಮತ್ತೆ ತಯಾರಾಗುತ್ತಿರುತ್ತವೆ, ತಾನಾಗಿ ನಿಲ್ಲುತ್ತದೆ. ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಶೇಡರ್ ಕ್ಯಾಶ್ ಸೈಜ್ 10 ಜಿಬಿ ಮಾಡಿಟ್ಟರೆ ಅವು ಬೇಗ ಅಳಿಯುವುದಿಲ್ಲ.

ಲ್ಯಾಪ್‌ಟಾಪ್‌ನವರಿಗೆ ಬಿಸಿಯೇ ದೊಡ್ಡ ಶತ್ರು. ಏಪ್ರಿಲ್ ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆ ಹೊರಗೆ 40 ಡಿಗ್ರಿ ದಾಟಿರುವಾಗ ಲ್ಯಾಪ್‌ಟಾಪ್ ಒಳಗೆ ಎಳೆದುಕೊಳ್ಳುವುದೂ ಬಿಸಿ ಗಾಳಿಯೇ. ಹಾರಾಟದ ಮೊದಲ 15 ನಿಮಿಷ ಚೆನ್ನಾಗಿದ್ದು ಆಮೇಲೆ ಎಫ್‌ಪಿಎಸ್ ಇಳಿಯುತ್ತಾ ಹೋದರೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ತಾನೇ ವೇಗ ತಗ್ಗಿಸಿಕೊಂಡಿದೆ ಅಂತ ಅರ್ಥ. ಹಿಂಬದಿ ಎರಡು ಮೂರು ಇಂಚು ಎತ್ತಿಡಿ, ಫ್ಯಾನಿನ ಧೂಳು ತೆಗೆಸಿ, ಎಫ್‌ಪಿಎಸ್ 30ಕ್ಕೆ ಕಟ್ಟಿ. ಚಾರ್ಜರ್ ಹಾಕದೆ ಹಾರಲೇಬೇಡಿ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಸಿಮ್ಯುಲೇಟರ್‌ಗೆ ಹೈ ಪರ್ಫಾರ್ಮೆನ್ಸ್ ಕಾರ್ಡ್ ಆರಿಸಿದೆಯೇ ಅಂತಲೂ ನೋಡಿ.

ಎಕ್ಸ್‌ಪ್ಲೇನ್ 12 ಎಂಬ ಇನ್ನೊಂದು ಸಿಮ್ಯುಲೇಟರ್ ಬಳಸುವವರಿಗೂ ಕ್ರಮ ಇದೇ. ಡೇಟಾ ಔಟ್‌ಪುಟ್‌ನಲ್ಲಿ ಫ್ರೇಮ್ ರೇಟ್ ಸಾಲನ್ನು ಕಾಕ್‌ಪಿಟ್‌ನಲ್ಲಿ ತೋರಿಸುವಂತೆ ಮಾಡಿದರೆ ಸಿಪಿಯು ಮತ್ತು ಜಿಪಿಯು ಹೊತ್ತು ಬೇರೆ ಬೇರೆ ಕಾಣುತ್ತದೆ. ಸಿಪಿಯು ಹೆಚ್ಚಿದ್ದರೆ ವರ್ಲ್ಡ್ ಆಬ್ಜೆಕ್ಟ್ಸ್ ಇಳಿಸಿ, ಜಿಪಿಯು ಹೆಚ್ಚಿದ್ದರೆ ಆ್ಯಂಟಿ ಏಲಿಯಾಸಿಂಗ್ ಮತ್ತು ಮೋಡ ಇಳಿಸಿ. ಅಲ್ಲಿ ಎಫ್‌ಪಿಎಸ್ ಸುಮಾರು 20ಕ್ಕಿಂತ ಕೆಳಗೆ ಬಿದ್ದರೆ ಸಿಮ್ಯುಲೇಟರ್‌ನ ಗಡಿಯಾರವೇ ನಿಧಾನವಾಗುತ್ತದೆ. ಆನ್‌ಲೈನ್ ನೆಟ್‌ವರ್ಕ್‌ನಲ್ಲಿ ಹಾರುವವರು ಆಗ ಬೇರೆಯವರಿಗಿಂತ ಹಿಂದೆ ಬೀಳುತ್ತಾರೆ.

ಇಷ್ಟೂ ಮಾಡಿಯೂ ಮೇನ್ ಥ್ರೆಡ್ಡೇ ತಡೆಯುತ್ತಿದ್ದರೆ ಕಾಸನ್ನು ಹೊಸ ಕಾರ್ಡಿಗೆ ಹಾಕಬೇಡಿ. 5600 ಕೂರುವ ಎಎಂ4 ಜಾತಿಯ ಮದರ್‌ಬೋರ್ಡ್ ಇದ್ದವರಿಗೆ ರೈಜನ್ 7 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಬದಲಾವಣೆ ಇಲ್ಲ. 5600ರಲ್ಲಿ 32 ಎಂಬಿ ಇರುವ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ, ಇವುಗಳಲ್ಲಿ 96 ಎಂಬಿ. ಮೇನ್ ಥ್ರೆಡ್‌ಗೆ ಬೇಕಾದ್ದು ರ‍್ಯಾಮ್‌ವರೆಗೆ ಹೋಗದೆ ಅಲ್ಲೇ ಸಿಗುತ್ತದೆ. ಪ್ರೊಸೆಸರ್ ಕೂರಿಸುವ ಮೊದಲು ಹಳೆಯದರಲ್ಲೇ ಬಯೋಸ್ ಅಪ್‌ಡೇಟ್ ಮಾಡಿಕೊಳ್ಳಿ, ಇಲ್ಲದಿದ್ದರೆ ಪರದೆ ಕಪ್ಪಾಗೇ ಉಳಿಯುತ್ತದೆ. ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ, 105 ವಾಟ್ ತಡೆಯುವಂಥದ್ದನ್ನು ಬೇರೆ ಕೊಳ್ಳಬೇಕು.

ಎಲ್ಲ ಹೊಂದಿದ ಮೇಲೆ ಮತ್ತೆ ಮಂಗಳೂರಿಗೇ ಬನ್ನಿ. 24ಕ್ಕೆ ಇಳಿಯುತ್ತಾ 500 ಅಡಿಯಲ್ಲಿ ಒಮ್ಮೆ ಎಡಕ್ಕೆ ಪೂರ್ತಿ ನೋಟ ತಿರುಗಿಸಿ, ವಾಪಸ್ ರನ್‌ವೇಗೆ ತನ್ನಿ, 50 ಅಡಿಯಲ್ಲಿ ಮೆಲ್ಲಗೆ ಎಳೆಯಿರಿ. ಪರದೆಯ ಮೇಲಿನ ಎಫ್‌ಪಿಎಸ್ ಪೆಟ್ಟಿಗೆಯೊಳಗಿನ ಫ್ರೇಮ್ ಟೈಮ್ ಗೆರೆ ಎಲ್ಲೂ ಮೇಲಕ್ಕೆ ಚುಚ್ಚದೆ ನೇರವಾಗಿ ಹೋಗಿದ್ದರೆ ಯೂಸರ್‌ಸಿಎಫ್‌ಜಿ ಎಂಬ ಸೆಟ್ಟಿಂಗ್ ಫೈಲಿನ ಒಂದು ಪ್ರತಿ ಬೇರೆ ಕಡೆ ತೆಗೆದಿಟ್ಟುಕೊಳ್ಳಿ. ಸ್ಟೀಮ್‌ನಲ್ಲಿ ಕೊಂಡವರಿಗೆ ಅದು ಆ್ಯಪ್‌ಡೇಟಾ ಒಳಗಿನ ರೋಮಿಂಗ್‌ನಲ್ಲಿ, ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಕೊಂಡವರಿಗೆ ಲೋಕಲ್‌ನ ಪ್ಯಾಕೇಜಸ್ ಒಳಗೆ ಇರುತ್ತದೆ. ಮುಂದಿನ ಸಿಮ್ ಅಪ್‌ಡೇಟ್ ಸ್ಲೈಡರ್‌ಗಳನ್ನು ಹಿಂದು ಮುಂದು ಮಾಡಿದರೆ ಈ ಪ್ರತಿ ನೋಡಿ ಅಂಕಿಗಳನ್ನು ಮತ್ತೆ ಕೂರಿಸಬಹುದು.